ಕಾರವಾರದಲ್ಲಿ ಕೂತು ರೀಲು ತೊಳೆಸುವವರಿಗೆ

ಫಿಲ್ಮ್ ಕ್ಯಾಮೆರಾದ ರೀಲನ್ನು ಅಂಚೆಯಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸಿ ತೊಳೆಸುವುದಕ್ಕೆ ನಾನು ಕೊಡುವ ಅಂಕ ಇದು: ತೊಳೆತಕ್ಕೆ (ಅಂದರೆ ಡೆವಲಪ್ ಮಾಡುವುದಕ್ಕೆ) ಐದರಲ್ಲಿ ನಾಲ್ಕೂವರೆ, ಸ್ಕ್ಯಾನಿಗೆ ಎರಡೂವರೆ. ಅಂಚೆಗೆ ನಾಲ್ಕು, ಮಳೆಗಾಲ ಬಿಟ್ಟು. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಕ್ಯಾಮೆರಾದೊಳಗೆ ರೀಲು ಹಾಕಿ ಆಗಿದೆ ಅನ್ನುವವರು ಮುಂದೆ ಓದಿ.

ಕೊರೊನಾ ಗಲಾಟೆ ತಣ್ಣಗಾದಾಗಿನಿಂದ ಕಾರವಾರದಿಂದ ಬೆಂಗಳೂರಿನ ಒಂದು ಲ್ಯಾಬಿಗೆ ಕಲರ್ ರೀಲು ಕಳಿಸುತ್ತಿದ್ದೇನೆ. ನಡುವೆ ಕೆಲಕಾಲ ಇನ್ನೊಂದು ಲ್ಯಾಬನ್ನೂ ನೋಡಿದ್ದಾಯಿತು. ಎರಡರ ಹೆಸರನ್ನೂ ಹೇಳುವುದಿಲ್ಲ. ಸ್ಕ್ಯಾನರ್ ಮುಂದೆ ಕೂರುವ ಹುಡುಗ ಬದಲಾದರೆ ಫೋಟೋದ ಬಣ್ಣವೂ ಬದಲಾಗುತ್ತದೆ, ಇವತ್ತು ನಾನು ಹೊಗಳಿದ್ದು ನಿಮ್ಮ ರೀಲು ಹೋಗಿ ಮುಟ್ಟುವ ಹೊತ್ತಿಗೆ ಸುಳ್ಳಾಗಿರಬಹುದು.

ಊರಲ್ಲೇ ಯಾಕೆ ತೊಳೆಸಬಾರದು ಎಂದು ಕೇಳುವವರಿದ್ದಾರೆ. ಕೊಡಕ್ ಕೆಬಿ 10 ಕ್ಯಾಮೆರಾ ಮನೆಮನೆಯಲ್ಲಿದ್ದ ಕಾಲದಲ್ಲಿ ಸ್ಟುಡಿಯೋಕ್ಕೆ ರೀಲು ಕೊಟ್ಟರೆ ಪ್ರಿಂಟು, ನೆಗೆಟಿವ್ ಎರಡೂ ಒಂದೇ ಕವರಿನಲ್ಲಿ ಬರುತ್ತಿದ್ದವು. ಶಿರಸಿಯ ಒಂದು ಹಳೇ ಸ್ಟುಡಿಯೋದಲ್ಲಿ ವಿಚಾರಿಸಿದೆ. "ಮಿಷನ್ ಗುಜರಿಗೆ ಹೋಗಿ ಎಷ್ಟೋ ವರ್ಷ ಆತು ಮಾರಾಯಾ, ಈಗ ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್, ಅಷ್ಟೇ" ಅಂದರು. ನನಗೆ ಬೇಸರವೇನೂ ಆಗಲಿಲ್ಲ. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಗಾಳಿ ತಾಗುತ್ತಾ ಹೋದಂತೆ ಶಕ್ತಿ ಕಳೆದುಕೊಳ್ಳುತ್ತದೆ. ದಿನವೂ ರೀಲು ಬರುವ ಕಡೆ ಹೊಸ ದ್ರಾವಣ ತುಂಬುತ್ತಲೇ ಇರುತ್ತಾರೆ. ವಾರಕ್ಕೊಂದು ರೀಲು ಬರುವ ಕಡೆ ಅದು ಟ್ಯಾಂಕಿನಲ್ಲೇ ಸಾಯುತ್ತದೆ. ಅಂಥಲ್ಲಿ ತೊಳೆಸಿದರೆ ನೆಗೆಟಿವ್ ತೆಳ್ಳಗೆ ಬಂದು ನೆರಳಿನ ಜಾಗದಲ್ಲಿ ಬಣ್ಣ ಕೆಡುತ್ತದೆ. ಮಗ್ಗುಲಲ್ಲೇ ಇರುವ ಖಾಲಿ ಮಿಷನ್ನಿಗಿಂತ ಐನೂರು ಕಿಲೋಮೀಟರ್ ಆಚೆಯ ಬ್ಯುಸಿ ಲ್ಯಾಬು ವಾಸಿ. ಹೊಸ ಲ್ಯಾಬಿಗೆ ಫೋನು ಮಾಡಿದಾಗ ನಾನು ಮೊದಲು ಕೇಳುವುದು ರೇಟಲ್ಲ, ವಾರದಲ್ಲಿ ಎಷ್ಟು ದಿನ ಸಿ-41 ಓಡಿಸುತ್ತೀರಿ ಎಂದು.

ತೊಳೆತದ ಬಗ್ಗೆ ಹೆಚ್ಚು ಹೇಳುವುದಿಲ್ಲ. 37.8 ಡಿಗ್ರಿ, ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡು. ಜಗತ್ತಿನ ಯಾವ ಲ್ಯಾಬಿಗೆ ಹೋದರೂ ಹೆಚ್ಚುಕಡಿಮೆ ಇದೇ ಲೆಕ್ಕ. ಮಿಷನ್ ಸರಿಯಿದ್ದರೆ ಎಲ್ಲರ ಕೆಲಸವೂ ಒಂದೇ. ಇಷ್ಟು ವರ್ಷದಲ್ಲಿ ತೊಳೆತದಲ್ಲಿ ಕೆಟ್ಟ ರೀಲು ನನಗೆ ಬಂದಿಲ್ಲ. ಅರ್ಧ ಅಂಕ ಕಡಿದದ್ದು ಒಮ್ಮೆ ನೆಗೆಟಿವನ್ನು ಫ್ರೇಮಿನ ನಡುವೆಯೇ ಕತ್ತರಿಸಿ ಕಳಿಸಿದ್ದಕ್ಕೆ.

ರಗಳೆ ಎಲ್ಲ ಸ್ಕ್ಯಾನಿನದ್ದು. ದೊಡ್ಡ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ನೋರಿತ್ಸು ಎಚ್ಎಸ್-1800 ಇಲ್ಲವೇ ಫ್ಯೂಜಿ ಫ್ರಾಂಟಿಯರ್ ಎಸ್‌ಪಿ-3000 ಸ್ಕ್ಯಾನರ್ ಇರುತ್ತದೆ. ಎರಡೂ ಹಳೇ ಮಿಷನ್ನುಗಳು, ಎರಡೂ ಒಳ್ಳೆಯವೇ. ಅವು ಪ್ರತಿ ಫ್ರೇಮನ್ನೂ ನೋಡಿ ಬಣ್ಣ, ಬೆಳಕು ತಾವೇ ಸರಿಮಾಡಿಕೊಳ್ಳುತ್ತವೆ. ಹುಟ್ಟುಹಬ್ಬ, ಗೃಹಪ್ರವೇಶದ ಫೋಟೋಗಳಿಗೆ ಅದು ಸಾಕು. ನಮ್ಮ ಕಡೆಯ ಬೆಳಕಿಗೆ ಸಾಲದು. ಹೊನ್ನಾವರದ ಕಡೆ ಒಂದು ಬಯಲಾಟದ ರೀಲು ಕಳಿಸಿದ್ದೆ. ರಂಗದ ಹಳದಿ ಬೆಳಕನ್ನು ಮಿಷನ್ನು ತಪ್ಪೆಂದು ತಿಳಿದು ಬಿಳಿ ಮಾಡಹೊರಟಿತು. ಒಂದೇ ವೇಷದ ಕೆಂಪು ಒಂದು ಫ್ರೇಮಿನಲ್ಲಿ ಕುಂಕುಮ, ಮುಂದಿನದರಲ್ಲಿ ಇಟ್ಟಿಗೆ, ಅದರಾಚೆಗೆ ಗುಲಾಬಿ. ನೆಗೆಟಿವನ್ನು ಬಿಳಿ ಪರದೆಯ ಮೇಲೆ ಹಿಡಿದು ನೋಡಿದರೆ ಮೂರೂ ಫ್ರೇಮಿನ ಸಾಂದ್ರತೆ ಒಂದೇ. ರೀಲಿನಲ್ಲಿ ಇಲ್ಲದ ತಪ್ಪು ಸ್ಕ್ಯಾನಿನಲ್ಲಿ ಹುಟ್ಟಿತ್ತು. "ಒಂದು ಫ್ರೇಮಿಗೆ ಸರಿಮಾಡಿ ಅದನ್ನೇ ಇಡೀ ರೀಲಿಗೆ ಹಾಕಿ" ಎಂದು ಬರೆದೆ. ಹಾಕಿದರು, ಚೆನ್ನಾಗಿಯೇ ಬಂತು, ಎರಡನೇ ಸಲದ ದುಡ್ಡನ್ನೂ ಹಿಡಿದರು!

ದೇವಿಮನೆ ಘಾಟಿನ ಮಂಜಿನದ್ದೂ ಇದೇ ಕತೆ. ಚಿತ್ರದಲ್ಲಿ ಎಲ್ಲೋ ಒಂದು ಕಡೆ ಕಡುಕಪ್ಪು ಇರಲೇಬೇಕು ಎಂಬ ಹಟ ಮಿಷನ್ನಿಗೆ. ಮಂಜಿನಲ್ಲಿ ಕಪ್ಪು ಎಲ್ಲಿಂದ ಬರಬೇಕು? ಇದ್ದುದನ್ನೇ ಎಳೆದು ಎಳೆದು ಬೂದಿ ಬಣ್ಣದ ಕಾಳುಕಾಳು ಮಾಡಿಡುತ್ತದೆ. ಈಗ ಪ್ರತಿ ಡಬ್ಬಿಯ ಜೊತೆ ಒಂದು ಚೀಟಿ ಇಡುತ್ತೇನೆ: ಕಾಂಟ್ರಾಸ್ಟ್ ಕಡಿಮೆ ಇಡಿ, ಶಾರ್ಪ್ ಮಾಡಬೇಡಿ, ಮಂಜು ಮಂಜಾಗಿಯೇ ಇರಲಿ. ಚೀಟಿ ಓದುವ ಲ್ಯಾಬು ಸಿಕ್ಕರೆ ಬಿಡಬೇಡಿ.

ದೊಡ್ಡ ಸೈಜಿನ ಸ್ಕ್ಯಾನಿಗೆ ಹೆಚ್ಚು ದುಡ್ಡು ಕೊಡಬೇಕೇ? ಬಹಳ ಜನರಿಗೆ ಬೇಡ. ಸಾಮಾನ್ಯ ಸ್ಕ್ಯಾನು ಸುಮಾರು 3000×2000 ಪಿಕ್ಸೆಲ್ ಬರುತ್ತದೆ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಹತ್ತು ಇಂಚು ಅಗಲದ ಪ್ರಿಂಟಿಗೆ ಅಷ್ಟು ಧಾರಾಳ. ಗೋಡೆಗೆ ದೊಡ್ಡದಾಗಿ ಹಾಕುವ ಒಂದೆರಡು ಫ್ರೇಮನ್ನು ಆಮೇಲೆ ಬೇರೆಯಾಗಿ ಮಾಡಿಸಿಕೊಳ್ಳಬಹುದು, ನೆಗೆಟಿವ್ ನಿಮ್ಮ ಕೈಯಲ್ಲಿದ್ದರೆ. ನೆಗೆಟಿವ್ ವಾಪಸು ಬೇಕೆಂದು ಮೊದಲೇ ಬಾಯಿಬಿಟ್ಟು ಹೇಳಿ. ಸ್ಕ್ಯಾನ್ ಫೈಲನ್ನು ಇಮೇಲಿನಲ್ಲಿ ಕಳಿಸಿ, ಕೆಲವು ತಿಂಗಳಾದ ಮೇಲೆ ನೆಗೆಟಿವ್ ಎಸೆಯುವ ಲ್ಯಾಬುಗಳಿವೆ. ಬರೀ ಫೈಲಿಗೆ ದುಡ್ಡು ಕೊಡುವುದಾದರೆ ಮೊಬೈಲೇ ಸಾಕಿತ್ತಲ್ಲ.

ಕಳಿಸುವ ವಿಷಯ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಅಂಚೆ ಕಚೇರಿಯಲ್ಲಿ ಈಗ ಆಯ್ಕೆಯ ತಲೆಬಿಸಿ ಇಲ್ಲ. ರೀಲಿನ ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ, ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಾನು ಕಳಿಸುವುದೇ ಇಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ನನ್ನದೊಂದು ಪೊಟ್ಟಣ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಜನರೇ ಮಣ್ಣಡಿ ಹೋದಾಗ ರೀಲು ಎಲ್ಲಿ ಎಂದು ಕೇಳುವ ಮನಸ್ಸಾಗಲಿಲ್ಲ. ತಡವಾಗಿ ಮುಟ್ಟಿತು, ಏನೂ ಆಗಿರಲಿಲ್ಲ. ಈಗ ಮಳೆಗಾಲದ ರೀಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ದಸರೆ ಹೊತ್ತಿಗೆ ಒಟ್ಟಿಗೆ ಕಳಿಸುತ್ತೇನೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ, ಕರಾವಳಿಯ ಗಾಳಿಗೆ ಕ್ಷಣದಲ್ಲಿ ಬೆವರುತ್ತದೆ. ಒಂದೆರಡು ತಾಸು ಹೊರಗಿಟ್ಟು ಆಮೇಲೆ ತೆರೆಯಿರಿ.

ಕಪ್ಪುಬಿಳುಪನ್ನು ಮಾತ್ರ ಮನೆಯಲ್ಲೇ ತೊಳೆಯುತ್ತೇನೆ. ಕಲರ್ ಕಷ್ಟ, ಕಪ್ಪುಬಿಳುಪು ಸುಲಭ ಅನ್ನುತ್ತಾರಲ್ಲ, ಏಪ್ರಿಲ್ ತಿಂಗಳ ಕಾರವಾರದಲ್ಲಿ ಉಷ್ಣತೆಯ ಮಟ್ಟಿಗೆ ಅದು ತಿರುಗಮುರುಗ. ಕಲರಿಗೆ ಬೇಕಾದ 38 ಡಿಗ್ರಿಗೆ ನಲ್ಲಿ ನೀರನ್ನು ಸ್ವಲ್ಪ ಕಾಯಿಸಿದರೆ ಮುಗಿಯಿತು. ಕಪ್ಪುಬಿಳುಪಿನ 20 ಡಿಗ್ರಿಗೆ ಇಳಿಸಲು ಐಸ್ ಹುಡುಕಬೇಕು (ಮೀನು ಪೇಟೆ ಹತ್ತಿರವಿರುವ ಊರು, ಐಸಿಗೆ ಬರವಿಲ್ಲ ಬಿಡಿ). ಇಲ್ಫೋರ್ಡ್ ಎಚ್‌ಪಿ5 ರೀಲಿಗೆ ನೀರು ಬೆರೆಸದ ಡಿ-76 ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಬಿಸಿ ಏರಿದಂತೆ ಸಮಯ ಕಡಿಮೆಯಾಗುತ್ತದೆ, ಐದು ನಿಮಿಷದ ಕೆಳಗಿಳಿದರೆ ಆಕಾಶದಲ್ಲಿ ಪಟ್ಟೆಪಟ್ಟೆ ಕಾಣಿಸಬಹುದು. ಅದಕ್ಕೆ ಸಮಪಾಲು ನೀರು ಬೆರೆಸಿಕೊಳ್ಳುತ್ತೇನೆ, ಸಮಯ ತಾನಾಗಿ ಉದ್ದವಾಗುತ್ತದೆ. ಒಣಗಿಸುವುದಕ್ಕೆ ಬೇಸಿಗೆಯಲ್ಲಿ ಕೆಂಪು ಧೂಳಿನ ಕಾಟ. ಮಳೆಗಾಲದಲ್ಲಿ ಧೂಳಿಲ್ಲ, ಆದರೆ ರೀಲು ಒಣಗುವುದೂ ಇಲ್ಲ.

ಈ ಗೋಜೇ ಬೇಡ, ಕಪ್ಪುಬಿಳುಪೂ ಬೇಕು ಅನ್ನುವವರು ಇಲ್ಫೋರ್ಡ್ ಎಕ್ಸ್‌ಪಿ2 ಸೂಪರ್ ತೆಗೆದುಕೊಳ್ಳಿ. ಅದು ಕಲರ್ ರೀಲಿನ ಜೊತೆಗೇ ಸಿ-41ರಲ್ಲಿ ತೊಳೆಯುತ್ತದೆ. ಸ್ಕ್ಯಾನರಿನ ಧೂಳು ತೆಗೆಯುವ ಇನ್‌ಫ್ರಾರೆಡ್ ಉಪಾಯವೂ ಅದಕ್ಕೆ ನಡೆಯುತ್ತದೆ. ಮಾಮೂಲಿ ಕಪ್ಪುಬಿಳುಪಿಗೆ ನಡೆಯದು, ಏಕೆಂದರೆ ಅದರಲ್ಲಿ ಉಳಿದ ಬೆಳ್ಳಿಯೂ ಇನ್‌ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಯಾವುದು ಧೂಳು, ಯಾವುದು ಚಿತ್ರ ಎಂದು ಮಿಷನ್ನಿಗೆ ಗೊತ್ತಾಗುವುದಿಲ್ಲ. ಇನ್ನು ಸಿನೆಮಾ ರೀಲು ತುಂಡು ಮಾಡಿ ಅಗ್ಗಕ್ಕೆ ಮಾರುತ್ತಾರಲ್ಲ, ಕೊಳ್ಳುವ ಮೊದಲು ಬೆನ್ನಿಗೆ ರೆಮ್‌ಜೆಟ್ ಎಂಬ ಕಪ್ಪು ಪದರ ಇದೆಯೇ ಕೇಳಿ. ಇದ್ದರೆ ಹೇಳದೆ ಲ್ಯಾಬಿಗೆ ಕಳಿಸಬೇಡಿ. ಆ ಮಸಿ ಮಿಷನ್ನಿಗೆ ಹತ್ತಿದರೆ ನಿಮ್ಮದರ ಜೊತೆ ಬೇರೆಯವರ ರೀಲೂ ಹಾಳು.

ಇತ್ತೀಚೆಗೆ ಲ್ಯಾಬಿಗೆ "ಬರೀ ತೊಳೆದು ಕಳಿಸಿ" ಅನ್ನುತ್ತಿದ್ದೇನೆ. ಡಿಜಿಟಲ್ ಕ್ಯಾಮೆರಾ, ಹಳೆಯ ಮ್ಯಾಕ್ರೋ ಲೆನ್ಸು, ಕೆಳಗೊಂದು ಬೆಳಕಿನ ಹಲಗೆ ಇಟ್ಟು ಸ್ಕ್ಯಾನ್ ಮನೆಯಲ್ಲೇ. ನೆಗೆಟಿವಿನ ಕಿತ್ತಳೆ ಛಾಯೆ ಕಳೆಯುವುದು ಕೈಗೆ ಹತ್ತುವವರೆಗೆ ತಲೆಚಿಟ್ಟು. ಆಮೇಲೆ ಬಯಲಾಟದ ಕೆಂಪು ಕೆಂಪಾಗಿಯೇ ಇರುತ್ತದೆ. ಹಾಕಿದ ದುಡ್ಡು ಮಾತ್ರ ಇನ್ನೂ ಹುಟ್ಟಿಲ್ಲ. ಸ್ಲೈಡ್ ಫಿಲ್ಮಿನ ಇ-6 ತೊಳೆತ ಹೇಗೆ ಎಂದು ಕೇಳಬೇಡಿ, ರೀಲಿನ ರೇಟು ಕೇಳಿಯೇ ವಾಪಸು ಬಂದವನು ನಾನು.