ಆಟೊಮ್ಯಾಟಿಕ್ ಮಸ್ಟಾಂಗ್ ಜಿಟಿಗೆ 3.73 ಕ್ರೌನ್ ಪಿನಿಯನ್: ಸೆಟ್ ಚೆನ್ನಾಗಿದೆ, ಕೂರಿಸುವ ಕೈ?

2011ರಿಂದ 2014ರವರೆಗಿನ ಮಸ್ಟಾಂಗ್ ಜಿಟಿ ಆಟೊಮ್ಯಾಟಿಕ್‌ಗೆ ಫೋರ್ಡ್ ಮಾಮೂಲಾಗಿ ಹಾಕಿಕೊಟ್ಟದ್ದು 3.15 ಅನುಪಾತದ ಹಿಂದಿನ ಆಕ್ಸಲ್, ಅಂದರೆ ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 3.15 ಸುತ್ತು. ಹೈವೇಯಲ್ಲಿ ಪೆಟ್ರೋಲ್ ಉಳಿಯುತ್ತದೆ ನಿಜ, ಆದರೆ 5.0 ಲೀಟರ್ ವಿ8 ಎಂಜಿನ್ ಅರ್ಧ ನಿದ್ದೆಯಲ್ಲಿದ್ದಂತೆ ಓಡುತ್ತದೆ. ಆ ನಿದ್ದೆ ಬಿಡಿಸಲೆಂದು ಹೆಚ್ಚು ಜನ ಕೊಳ್ಳುವುದು ಫೋರ್ಡ್ ಪರ್ಫಾರ್ಮೆನ್ಸ್‌ನ 3.73 ಸೆಟ್ (ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಚಿಕ್ಕದು), ಪಾರ್ಟ್ ನಂಬರ್ ಎಂ-4209-88373.

3.15ರಲ್ಲಿ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 13. 3.73ರಲ್ಲೂ ಕ್ರೌನ್‌ಗೆ 41 ಹಲ್ಲೇ, ಪಿನಿಯನ್‌ಗೆ ಮಾತ್ರ 11. ಹಾಗೆಂದು ಹಳೆಯ ಕ್ರೌನ್ ಉಳಿಸಿಕೊಂಡು ಪಿನಿಯನ್ ಒಂದನ್ನೇ ಬದಲಿಸಲು ಬರುವುದಿಲ್ಲ. ಎರಡೂ ಜೋಡಿಯಾಗಿ ಉಜ್ಜಿ ಹೊಂದಿಸಿದವು, ಜೋಡಿಯಾಗಿಯೇ ಹಾಕಬೇಕು. ಒಂದು ಸಮಾಧಾನವಿದೆ: 8.8 ಇಂಚಿನ ಈ ಆಕ್ಸಲ್‌ನಲ್ಲಿ ಅನುಪಾತ ಬದಲಾದರೂ ಕ್ರೌನ್ ಕೂರುವ ಡಿಫರೆನ್ಷಿಯಲ್ ಕೇಸ್ ಬದಲಿಸಬೇಕಿಲ್ಲ.

ಮ್ಯಾನುಯಲ್ ಕಾರಿನವರ ಸಲಹೆಯನ್ನು ಆಟೊಮ್ಯಾಟಿಕ್‌ನವರು ಕಣ್ಣುಮುಚ್ಚಿ ಪಾಲಿಸಬಾರದು. ಆಟೊಮ್ಯಾಟಿಕ್‌ನ 6ಆರ್80 ಗೇರ್‌ಬಾಕ್ಸ್‌ನ ಮೊದಲ ಗೇರೇ 4.17. ಮ್ಯಾನುಯಲ್‌ನಲ್ಲಿ ಅದು 3.66. ಅಂದರೆ ಆಟೊಮ್ಯಾಟಿಕ್ ಕಾರಿಗೆ ಹೊರಡುವಾಗಿನ ಎಳೆತಕ್ಕೆ ಮೊದಲೇ ಕೊರತೆಯಿಲ್ಲ, ಜೊತೆಗೆ ಹೊರಡುವಾಗ ಎಂಜಿನ್ನಿನ ಎಳೆತ ಹೆಚ್ಚಿಸುವ ಟಾರ್ಕ್ ಕನ್ವರ್ಟರ್ ಬೇರೆ. 235/50ಆರ್18 ಟೈರಿಗೆ ಲೆಕ್ಕ ಹಾಕಿದರೆ, 7000 ಆರ್‌ಪಿಎಂನಲ್ಲಿ ಎರಡನೇ ಗೇರ್ 3.15ರಲ್ಲಿ ಸುಮಾರು 124 ಕಿ.ಮೀ. ವೇಗದವರೆಗೆ ಎಳೆಯುತ್ತದೆ, 3.55ರಲ್ಲಿ 110, 3.73ರಲ್ಲಿ 105, 4.10ರಲ್ಲಿ 95. ಅಮೆರಿಕದಲ್ಲಿ ನಿಂತಲ್ಲಿಂದ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಎಲ್ಲರೂ ಅಳೆಯುವ 60 ಮೈಲಿ ವೇಗ ಅಂದರೆ 96.6 ಕಿ.ಮೀ. 4.10 ಹಾಕಿದವರು ಆ ವೇಗ ಇನ್ನೇನು ಮುಟ್ಟುವಾಗ ಇನ್ನೊಂದು ಗೇರ್ ಬದಲಿಸಬೇಕು! ಆಟೊಮ್ಯಾಟಿಕ್‌ಗೆ 3.73 ಗರಿಷ್ಠ ಮಿತಿ ಎನ್ನುವುದು ಇದಕ್ಕೇ. 3.73 ಹಾಕಿದರೆ ಹೈವೇಯಲ್ಲಿ 70 ಮೈಲಿ ವೇಗಕ್ಕೆ ಆರನೇ ಗೇರ್‌ನಲ್ಲಿ ಎಂಜಿನ್ 1880ರಿಂದ 2220 ಆರ್‌ಪಿಎಂಗೆ ಏರುತ್ತದೆ. ಕಿವಿಗೆ ಅದೇನೂ ಭಾರವಲ್ಲ. ದಿನಾ ದೂರ ಓಡಿಸುವವರಿಗೆ ಮಾತ್ರ 3.55 (39ಕ್ಕೆ 11 ಹಲ್ಲು) ಹೆಚ್ಚು ಹೊಂದುತ್ತದೆ.

ಸೆಟ್‌ನ ತಯಾರಿಕೆಯಲ್ಲಿ ಹೇಳುವಂಥ ತಕರಾರಿಲ್ಲ. ಹಾಕಿದ ಮೇಲೆ ‘ಗುಂಯ್’ ಎನ್ನುತ್ತದೆ ಎಂಬ ದೂರು ಬಂದರೆ ಮೊದಲು ಅನುಮಾನಿಸಬೇಕಾದ್ದು ಸೆಟ್ಟಿಂಗ್ ಅನ್ನು.

ಕೆಲಸದ ಕ್ರಮ ಹೀಗಿದೆ. ಕವರ್ ಬಿಚ್ಚಿ ಆಯಿಲ್ ಇಳಿಸಿ, ಹಿಂದಿನ ಬ್ರೇಕ್ ಕ್ಯಾಲಿಪರ್, ಡಿಸ್ಕ್, ಎಬಿಎಸ್ ಸೆನ್ಸರ್ ಬದಿಗಿಡಬೇಕು. ಡಿಫರೆನ್ಷಿಯಲ್ ಒಳಗಿನ ಅಡ್ಡ ಪಿನ್ನಿನ ಲಾಕ್ ಬೋಲ್ಟ್ ತೆಗೆದು, ಪಿನ್ ಹೊರಗೆಳೆದು, ಆಕ್ಸಲ್ ಶಾಫ್ಟ್‌ಗಳನ್ನು ಒಳಗೆ ತಳ್ಳಿ ಅವನ್ನು ಹಿಡಿದಿಟ್ಟ ಸಿ-ಕ್ಲಿಪ್ ಬಿಡಿಸಬೇಕು. ಈ ಬೋಲ್ಟ್ ಒಳಗೇ ಮುರಿದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ. ನಿಧಾನವಾಗಿ ಬಿಚ್ಚಿ, ಮರಳಿ ಹಾಕುವಾಗ ಹೊಸದನ್ನೇ ಹಾಕಿ. ಬೇರಿಂಗ್ ಕ್ಯಾಪ್‌ಗಳಿಗೆ ಎಡ–ಬಲ ಗುರುತು ಹಾಕದೆ ತೆಗೆಯಬಾರದು, ಅದಲುಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಕ್ರೌನ್‌ನ 10 ಬೋಲ್ಟ್‌ಗಳನ್ನೂ ಕ್ಯಾಪ್ ಬೋಲ್ಟ್‌ಗಳನ್ನೂ 70ರಿಂದ 85 ಅಡಿ-ಪೌಂಡ್‌ಗೆ ಬಿಗಿಯಬೇಕು. ಕ್ರೌನ್ ಬೋಲ್ಟ್‌ಗಳಿಗೆ ಎದುರುಬದುರು ಕ್ರಮ, ಜೊತೆಗೆ ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್ ಲಾಕರ್.

ಎಲ್ಲರೂ ಎಡವುವುದು ಕ್ರಶ್ ಸ್ಲೀವ್‌ನಲ್ಲಿ, ಅಂದರೆ ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವೆ ಕೂತು ನಟ್ ಬಿಗಿದಂತೆ ಜಜ್ಜಿಹೋಗುವ ಕೊಳವೆಯಲ್ಲಿ. ಹೊಸ ಬೇರಿಂಗ್‌ಗೆ ಪಿನಿಯನ್ ತಿರುಗಿಸಲು ಬೇಕಾದ ಬಲ 16ರಿಂದ 29 ಇಂಚ್-ಪೌಂಡ್ ಇರಬೇಕು. ನಟ್ ಬಿಗಿಯುತ್ತ ಹೋದಾಗ ಬಹಳ ಹೊತ್ತು ಏನೂ ಆಗದು, ಆಮೇಲೆ ನಟ್ಟಿನ ಸಣ್ಣ ತಿರುವಿಗೇ ಗುರಿ ದಾಟಿಹೋಗುತ್ತದೆ. ದಾಟಿದ ಮೇಲೆ ನಟ್ ಸಡಿಲಿಸಿ ‘ಸರಿಮಾಡಿದೆ’ ಎನ್ನುವ ಮೆಕ್ಯಾನಿಕ್‌ಗೆ ಕಾರು ಬಿಡಬೇಡಿ: ಒಮ್ಮೆ ಜಜ್ಜಿದ ಸ್ಲೀವ್ ಮರಳಿ ಉಬ್ಬುವುದಿಲ್ಲ, ಬೇರಿಂಗ್ ಸಡಿಲವಾಗಿಯೇ ಉಳಿಯುತ್ತದೆ. ಎರಡು ಸ್ಲೀವ್ ತರಿಸಿಟ್ಟುಕೊಂಡೇ ಕೈ ಹಾಕುವುದು ಜಾಣತನ.

ಪಿನಿಯನ್ ಎಷ್ಟು ಒಳಗೆ ಕೂರಬೇಕೆಂಬುದನ್ನು ಶಿಮ್ ಎಂಬ ತೆಳು ಬಳೆ ನಿರ್ಧರಿಸುತ್ತದೆ; ಹಳೆಯ ಶಿಮ್‌ನ ದಪ್ಪದಿಂದಲೇ ಶುರುಮಾಡಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಪ್ಲೇ (ಸಡಿಲು) 0.008ರಿಂದ 0.012 ಇಂಚಿನೊಳಗೆ ಬಂದ ಮೇಲೆ ಹಲ್ಲಿಗೆ ಮಾರ್ಕಿಂಗ್ ಪೇಸ್ಟ್ ಬಳಿದು ತಿರುಗಿಸಿ ನೋಡಿ. ಗುರುತು ಹಲ್ಲಿನ ಬುಡದಲ್ಲಿ ಬಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಶಿಮ್ ತೆಳುವಾಗಬೇಕು. ತುದಿಯಲ್ಲಿ ಬಿದ್ದರೆ ದಪ್ಪವಾಗಬೇಕು. ಶಿಮ್ ಬದಲಿಸಲು ಪ್ರತಿ ಸಲವೂ ಬೇರಿಂಗ್ ಕಳಚಿ ಒತ್ತಬೇಕಾದ್ದರಿಂದ, ಒಳರಂಧ್ರ ಸ್ವಲ್ಪ ಉಜ್ಜಿ ಸಡಿಲ ಮಾಡಿದ ಹಳೆಯ ಬೇರಿಂಗನ್ನು ಅಳತೆಗೆ ಬಳಸುವ ವರ್ಕ್‌ಶಾಪ್‌ಗಳಿವೆ. ಅಂಥಲ್ಲಿಗೇ ಹೋಗಿ. ಮಾರ್ಕಿಂಗ್‌ನ ಫೋಟೊ ಕೇಳಿ ಪಡೆಯಿರಿ.

ಇನ್ನು ಕಂಪ್ಯೂಟರ್. ಹೊಸ ಅನುಪಾತವನ್ನು ಟ್ಯೂನರ್ (ಕಾರಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವ ಸಾಧನ) ಮೂಲಕ ತಿಳಿಸದಿದ್ದರೆ ಸ್ಪೀಡೋಮೀಟರ್ 18% ಹೆಚ್ಚು ತೋರಿಸುತ್ತದೆ: ನಿಜವಾಗಿ 100 ಇದ್ದಾಗ 118. ಆಟೊಮ್ಯಾಟಿಕ್‌ನಲ್ಲಿ ಪೆಟ್ಟು ಇಷ್ಟಕ್ಕೇ ನಿಲ್ಲದು. ಗೇರ್ ಬದಲಾಗುವ ಹೊತ್ತೇ ತಪ್ಪಿ, ಕಾರು ಬೇಗ ಬೇಗ ಮೇಲಿನ ಗೇರಿಗೆ ಜಾರುತ್ತದೆ. ಹೊಸ ಗೇರು ಹಾಕಿಸಿ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂದು ಗೊಣಗುವವರು ಮೊದಲು ಇದನ್ನು ಪರೀಕ್ಷಿಸಲಿ.

ಭಾರತಕ್ಕೆ 2016ರಿಂದ ಬಂದ ಮಸ್ಟಾಂಗ್‌ಗಳ ಹಿಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಷನ್ ಇದೆ, ಅದರ ಡಿಫರೆನ್ಷಿಯಲ್ಲೇ ಬೇರೆ. ಬೆಂಗಳೂರಿನಲ್ಲಿ ಅಂಥ ಕಾರಿಟ್ಟುಕೊಂಡು ಮೇಲಿನ ಪಾರ್ಟ್ ನಂಬರಿಗೆ ಆರ್ಡರ್ ಹಾಕಬೇಡಿ.

ಆಯಿಲ್ 75ಡಬ್ಲ್ಯೂ-140 ಸಿಂಥೆಟಿಕ್, ಜೊತೆಗೆ ಡಿಫರೆನ್ಷಿಯಲ್ ಒಳಗಿನ ಕ್ಲಚ್‌ಗಳಿಗೆಂದು 118 ಮಿ.ಲೀ. ಫ್ರಿಕ್ಷನ್ ಮಾಡಿಫೈಯರ್. ಅದನ್ನು ಮರೆತರೆ ನಿಧಾನವಾಗಿ ತಿರುಗಿಸುವಾಗ ಹಿಂದಿನಿಂದ ಗಡಗಡ ಸದ್ದು. ಮೊದಲ ಓಟ 15–20 ನಿಮಿಷ ಮೆತ್ತಗೆ, ಆಮೇಲೆ ಪೂರ್ತಿ ತಣಿಯಲು ಬಿಡಿ. 500 ಮೈಲಿಯಾದಾಗ ಆಯಿಲ್ ಬದಲಿಸಿ. ಇಳಿದ ಆಯಿಲ್‌ನಲ್ಲಿ ಬೂದಿಯಂಥ ನುಣುಪು ಪುಡಿ ಕಂಡರೆ ಸಹಜ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಕವರ್ ಮುಚ್ಚುವ ಮುನ್ನ ಮತ್ತೆ ಮಾರ್ಕಿಂಗ್ ಪೇಸ್ಟ್ ಬಳಿಯಿರಿ.