ಏರ್ ಇಂಡಿಯಾನಾ, ಇಂಡಿಗೋನಾ? ಕೊಡಗಿನಿಂದ ದೆಹಲಿಗೆ ಹೊರಟವರಿಗೆ

ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕು, ಇಲ್ಲಾಂದ್ರೆ ಬೆಂಗಳೂರಿಗೆ. ಯಾವ ವಿಮಾನ ಅನ್ನೋದು ಆಮೇಲಿನ ಪ್ರಶ್ನೆ.

ಇತಿಹಾಸದಲ್ಲಿ ಏರ್ ಇಂಡಿಯಾಗೆ ಸಾಟಿಯಿಲ್ಲ. 1932ರಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದರು. ಅಲ್ಲಿಂದ ಶುರುವಾದ ಸಂಸ್ಥೆಯೇ ಮುಂದೆ ಏರ್ ಇಂಡಿಯಾ ಆಯಿತು. 1953ರಲ್ಲಿ ಅದು ಸರ್ಕಾರದ್ದಾಯಿತು, 2022ರಲ್ಲಿ ಮತ್ತೆ ಟಾಟಾ ಕೈಗೆ ಬಂತು. ಇಂಡಿಗೋ ಹಾರಾಟ ಶುರುವಾಗಿದ್ದು 2006ರಲ್ಲಿ.

ಸುರಕ್ಷತೆ ವಿಷಯದಲ್ಲಿ ಮನಸ್ಸು ಭಾರವಾಗುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾದ್ದೇ ಅಂಗಸಂಸ್ಥೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು 8 ಮಂದಿ. 2025ರ ಜೂನ್‌ನಲ್ಲಿ ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ. ಇಂಡಿಗೋಗೆ ಇಂಥ ದೊಡ್ಡ ದುರಂತದ ಚರಿತ್ರೆ ಇಲ್ಲ. ಆದರೆ 2025ರ ಡಿಸೆಂಬರ್‌ನಲ್ಲಿ ಅದರ ಸಾವಿರಾರು ವಿಮಾನ ರದ್ದಾಗಿ ಜನ ನಿಲ್ದಾಣದಲ್ಲೇ ಮಲಗಿದ್ದರು, ನೆನಪಿದೆ ಅಲ್ವಾ?

ಏರ್ ಇಂಡಿಯಾದಲ್ಲಿ ಊಟ ಟಿಕೆಟ್ ಜೊತೆಗೇ ಬರುತ್ತದೆ. ಇಂಡಿಗೋದಲ್ಲಿ ಸಾಮಾನ್ಯವಾಗಿ ದುಡ್ಡು ಕೊಟ್ಟು ತಗೋಬೇಕು. ವಯಸ್ಸಾದ ಅಪ್ಪ ಅಮ್ಮನ ಜೊತೆ ದೂರ ಹೋಗುವುದಾದರೆ ನಾನು ಏರ್ ಇಂಡಿಯಾ ಹಿಡಿಯುತ್ತೇನೆ. ಒಬ್ಬನೇ ಆದರೆ ಇಂಡಿಗೋ ಸಾಕು. ಯಾವುದಾದರೂ ಸರಿ, ಜೇನಿನ ಬಾಟಲಿ ಮಾತ್ರ ಚೆಕ್-ಇನ್ ಬ್ಯಾಗಿಗೇ ಹಾಕಿ.