ನಾಲ್ಕು ಕೋಣೆ, ನಾಲ್ಕು ಮರ: 11 ವರ್ಷ ತುಳಿದ ಮೇಲೆ ಬರೆದ ವಿಮರ್ಶೆ

ನಮ್ಮ ಮನೆಗೆ ಗಟ್ಟಿಮರದ ನೆಲ ಹಾಸಿ ಈ ವರ್ಷಕ್ಕೆ 11 ವರ್ಷ ತುಂಬಿತು. ಪ್ಲೈವುಡ್ ಮೇಲೆ ತೆಳುವಾದ ಮರ ಅಂಟಿಸಿದ ಹಲಗೆಗಳಲ್ಲ ಇವು. ಮೇಲಿಂದ ಕೆಳಗಿನವರೆಗೂ ಒಂದೇ ಮರ, 19 ಮಿ.ಮೀ. ದಪ್ಪ. ಹಜಾರಕ್ಕೆ ಬಿಳಿ ಓಕ್, ಅಡುಗೆಮನೆಗೂ ಅಲ್ಲಿಗೆ ಹೋಗುವ ಪ್ಯಾಸೇಜಿಗೂ ಹಿಕರಿ, ಮಗಳ ಕೋಣೆಗೆ ಗಟ್ಟಿ ಮೇಪಲ್, ಓದುವ ಕೋಣೆಗೆ ಕಪ್ಪು ವಾಲ್‌ನಟ್. ನಾಲ್ಕೂ ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ತಾವಾಗಿ ಬೆಳೆಯುವ ಮರಗಳು. ನಾವಿರುವುದೂ ಅದೇ ಸೀಮೆಯಲ್ಲಿ. ಹಾಸಿದ ಹೊಸತರಲ್ಲಿ ಯಾರಾದರೂ ಕೇಳಿದ್ದರೆ ಹಿಕರಿಗೆ ಮೊದಲ ಸ್ಥಾನ ಕೊಡುತ್ತಿದ್ದೆ. ಇಂದು ಬಿಳಿ ಓಕಿಗೆ ಕೊಡುತ್ತೇನೆ. ಹಿಕರಿ ಕೆಟ್ಟ ಮರವೆಂದು ಈ ಮಾತು ಹೇಳುತ್ತಿಲ್ಲ. ನಾನು ಮರವನ್ನು ಆರಿಸಿದ ಅಳತೆಗೋಲೇ ತಪ್ಪಾಗಿತ್ತು.

ಆ ಅಳತೆಗೋಲು ಜಾಂಕಾ ಅಂಕಿ. ನೆಲದ ಮರ ಕೊಳ್ಳಲು ಹೋದವರಿಗೆ ಎಲ್ಲರೂ ಮೊದಲು ತೋರಿಸುವುದು ಅದನ್ನೇ. ಗೇಬ್ರಿಯಲ್ ಜಾಂಕಾ ಎಂಬ ಆಸ್ಟ್ರಿಯಾದ ಸಂಶೋಧಕ 1906ರಲ್ಲಿ ರೂಪಿಸಿದ ಪರೀಕ್ಷೆ ಇದು: 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅದರ ಅರ್ಧದವರೆಗೆ ಒತ್ತಲು ಎಷ್ಟು ಬಲ ಬೇಕೆಂದು ಅಳೆಯುತ್ತಾರೆ. ಗುಂಡಿನ ಗಾತ್ರ ವಿಚಿತ್ರವಾಗಿ ಕಂಡರೂ ಅದಕ್ಕೆ ಲೆಕ್ಕವಿದೆ, ಅದು ಮಾಡುವ ಗುರುತಿನ ವಿಸ್ತೀರ್ಣ ಸರಿಯಾಗಿ ಒಂದು ಚದರ ಸೆಂ.ಮೀ. ಆಗುತ್ತದೆ. ಪೌಂಡುಗಳಲ್ಲಿ ಹೇಳುವುದಾದರೆ ಹಿಕರಿಗೆ 1820, ಗಟ್ಟಿ ಮೇಪಲ್‌ಗೆ 1450, ಬಿಳಿ ಓಕಿಗೆ 1360, ಕೆಂಪು ಓಕಿಗೆ 1290, ಕಪ್ಪು ವಾಲ್‌ನಟ್‌ಗೆ 1010. ಈ ಪಟ್ಟಿಯನ್ನು ಪರೀಕ್ಷೆಯ ಫಲಿತಾಂಶದಂತೆ ಓದಿದೆ. ಹೆಚ್ಚು ಅಂಕ ಬಂದ ಮರವನ್ನು ಹೆಚ್ಚು ಓಡಾಟವಿರುವ ಕಡೆಗೆ ಹಾಕಿದರೆ ಆಯಿತೆಂದುಕೊಂಡೆ.

ಮೊದಲ ಚಳಿಗಾಲ ಬಂದು ಹೀಟರ್ ಓಡತೊಡಗಿದ ಮೇಲೆ ಹಿಕರಿ ಹಲಗೆಗಳ ನಡುವೆ ಸಂದು ಬಿಡಲಾರಂಭಿಸಿತು. ಜನವರಿಯ ಹೊತ್ತಿಗೆ ಕೆಲವು ಸಂದುಗಳಲ್ಲಿ ನಾಣ್ಯದ ಅಂಚು ಇಳಿಯುತ್ತಿತ್ತು. ಮಳೆಗಾಲದ ಸೆಕೆ ಬಂದಾಗ ಅವೆಲ್ಲ ಮುಚ್ಚಿಕೊಂಡು, ಹಲಗೆಗಳು ಒಂದನ್ನೊಂದು ಒತ್ತಿ ಅಂಚುಗಳು ತುಸು ಮೇಲೆದ್ದವು. ಬರಿಗಾಲಲ್ಲಿ ನಡೆದರೆ ಅದು ಅಂಗಾಲಿಗೆ ತಿಳಿಯುತ್ತಿತ್ತು. ಹತ್ತು ಹೆಜ್ಜೆ ಆಚೆಯ ಹಜಾರದಲ್ಲಿ, ಅದೇ ಗಾಳಿಯಲ್ಲಿ, ಬಿಳಿ ಓಕ್ ಬಹುತೇಕ ಕದಲದೆ ಕೂತಿತ್ತು. ಹಾಸಿದ ಬಡಗಿಯನ್ನು ದೂರಿದೆ. ಆತ ತಾಳ್ಮೆಯಿಂದ ಒಂದು ಕಾಗದ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದರು. ಅಂದು ಕಲಿತದ್ದು ನನಗೆ ಈ 11 ವರ್ಷಗಳಲ್ಲೇ ಹೆಚ್ಚು ಉಪಯೋಗಕ್ಕೆ ಬಂದ ಪಾಠ, ಆದ್ದರಿಂದ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮರ ಸತ್ತ ಮೇಲೂ ನೀರು ಕುಡಿಯುತ್ತದೆ, ನೀರು ಬಿಡುತ್ತದೆ. ಕೋಣೆಯ ಉಷ್ಣತೆ 21 ಡಿಗ್ರಿ ಸೆಲ್ಸಿಯಸ್ ಇದ್ದು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಸುಮಾರು ಶೇ. 6ಕ್ಕೆ ಬಂದು ನಿಲ್ಲುತ್ತದೆ, ಆರ್ದ್ರತೆ ಶೇ. 55 ಆದರೆ ತೇವಾಂಶ ಸುಮಾರು ಶೇ. 10. ಈ ನಾಲ್ಕು ಅಂಶದ ಏರಿಳಿತದಲ್ಲಿ ಹಲಗೆಯ ಉದ್ದ ಬದಲಾಗುವುದೇ ಇಲ್ಲವೆನ್ನಬಹುದು, ಅಗಲ ಮಾತ್ರ ಬದಲಾಗುತ್ತದೆ. ಎಷ್ಟು ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ: ಯಾವ ಮರ, ಎಷ್ಟು ಅಗಲದ ಹಲಗೆ, ದಿಮ್ಮಿಯನ್ನು ಯಾವ ದಿಕ್ಕಿನಲ್ಲಿ ಕೊಯ್ದದ್ದು. ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ಮಲಗಿದಂತಿರುವ ಸಾದಾ ಕೊಯ್ತದಲ್ಲಿ ಮರ ಹೆಚ್ಚು ಆಡುತ್ತದೆ. ಉಂಗುರಗಳು ನೆಟ್ಟಗೆ ನಿಂತಂತಿರುವ ಕ್ವಾರ್ಟರ್ ಕೊಯ್ತದಲ್ಲಿ ಆಟ ಹೆಚ್ಚುಕಡಿಮೆ ಅರ್ಧ.

ನಮ್ಮ ಹಿಕರಿ ಸಾದಾ ಕೊಯ್ತದ್ದು, 127 ಮಿ.ಮೀ. ಅಗಲ. ಸಾದಾ ಕೊಯ್ತದ ಹಿಕರಿ ತೇವಾಂಶದ ಒಂದೊಂದು ಅಂಶಕ್ಕೂ ತನ್ನ ಅಗಲದ 0.00411 ಪಾಲು ಹಿಗ್ಗಿ ಕುಗ್ಗುತ್ತದೆ. ನಾಲ್ಕು ಅಂಶಕ್ಕೆ ಪ್ರತಿ ಹಲಗೆಗೂ ಎರಡು ಮಿ.ಮೀ.ಗಿಂತ ತುಸು ಹೆಚ್ಚು. ಹಜಾರದ ಬಿಳಿ ಓಕ್ ಕ್ವಾರ್ಟರ್ ಕೊಯ್ತದ್ದು, 83 ಮಿ.ಮೀ. ಅಗಲ, ಅದರ ಪಾಲು 0.0018. ಗುಣಿಸಿದರೆ 0.6 ಮಿ.ಮೀ. ಬಡಗಿ ಎರಡು ಉತ್ತರಗಳ ಕೆಳಗೂ ಗೆರೆ ಎಳೆದು ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದೇ ಹಿಕರಿಯನ್ನು 57 ಮಿ.ಮೀ. ಅಗಲದ ಪಟ್ಟಿಗಳಲ್ಲಿ ಹಾಸಿದ್ದರೆ ಪ್ರತಿ ಸಂದಿನಲ್ಲೂ ಒಂದು ಮಿ.ಮೀ.ಗಿಂತ ಕಡಿಮೆ ಆಟವಿರುತ್ತಿತ್ತು, ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಗಲವಾದ ಹಲಗೆ ಬೇಕೆಂದು ಹಟ ಹಿಡಿದದ್ದು ನಾನು. ಜಾಂಕಾ ಪಟ್ಟಿಯಲ್ಲಿ ಇದರ ಸುಳಿವೂ ಇಲ್ಲ, ಮಾರುವವರೂ ಹೇಳಲಿಲ್ಲ. ಗಡಸುತನವನ್ನು ದೊಡ್ಡಕ್ಷರಗಳಲ್ಲಿ ಅಚ್ಚು ಹಾಕುವವರು ಹಿಗ್ಗುವ ಕುಗ್ಗುವ ಅಂಕಿಯನ್ನೂ ಅದರ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮೂರನೆಯ ಚಳಿಗಾಲಕ್ಕೆ ಗಾಳಿಗೆ ತೇವ ಕೊಡುವ ಯಂತ್ರ ಹಾಕಿಸಿ, ಆರ್ದ್ರತೆಯನ್ನು ಶೇ. 35ರಿಂದ 50ರ ನಡುವೆ ಹಿಡಿದಿಟ್ಟೆವು. ಸಂದುಗಳು ಅರ್ಧಕ್ಕರ್ಧ ಇಳಿದವು. ಮರ ಯಾವುದೇ ಇರಲಿ, ಆರ್ದ್ರತೆ ತೋರಿಸುವ ಒಂದು ಚಿಕ್ಕ ಮಾಪಕ ಗೋಡೆಯ ಮೇಲಿರಲಿ.

ಇಷ್ಟು ಹೇಳಿದ ಮೇಲೆ ಹಿಕರಿಗೆ ಸಲ್ಲಬೇಕಾದ ಮಾತೂ ಹೇಳಬೇಕು. ಅಡುಗೆಮನೆಯಲ್ಲಿ ಭಾರದ ಪಾತ್ರೆಗಳು ಎಷ್ಟೋ ಸಲ ಕೈಜಾರಿ ಬಿದ್ದಿವೆ. ಗುರುತು ಹುಡುಕಬೇಕೆಂದರೆ ಬಗ್ಗಿ, ದೀಪ ಹಿಡಿದು ಹುಡುಕಬೇಕು. ಅದರ ಚೇಗು, ಅಂದರೆ ಕಾಂಡದ ಒಳಭಾಗದ ಮರ, ಕಂದು, ತೊಗಟೆಯ ಕಡೆಯ ಭಾಗ ಕೆನೆಬಿಳಿ, ಎರಡೂ ಒಂದೇ ಹಲಗೆಯಲ್ಲಿ ಪಟ್ಟೆಪಟ್ಟೆಯಾಗಿ ಬರುತ್ತವೆ. ಶಾಂತವಾದ ನೆಲ ಬೇಕೆನ್ನುವವರಿಗೆ ಇದು ಹಿಡಿಸಲಾರದು. ನನಗೆ ಮೊದಲ ದಿನದಿಂದಲೂ ಇಷ್ಟ.

ಮೇಪಲ್ ಕೋಣೆಯಿಂದ ಕಲಿತದ್ದೇ ಬೇರೆ. ಬ್ಯಾಸ್ಕೆಟ್‌ಬಾಲ್ ಅಂಕಣಗಳಿಗೆ ಹಾಸುವ ಮರವೆಂದರೆ ಮಕ್ಕಳ ಕೋಣೆಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಂಬಿದ್ದೆ. ಮರ ನಿಜಕ್ಕೂ ಗಟ್ಟಿ. ಆದರೆ ಅದರ ರಂಧ್ರಗಳು ತೀರ ಸಣ್ಣವು, ಎಳೆ ನುಣುಪು, ಬಣ್ಣ ತಿಳಿ. ಅಂಥ ಖಾಲಿ ಹಾಳೆಯ ಮೇಲೆ ಪ್ರತಿ ಗೀರೂ ಬರೆದಿಟ್ಟಂತೆ ಕಾಣುತ್ತದೆ. ಓಕಿನ ಒರಟು ಎಳೆಗಳು ಅಷ್ಟೇ ಆಳದ ಗೀರನ್ನು ತಮ್ಮೊಳಗೆ ಅಡಗಿಸಿಕೊಳ್ಳುತ್ತವೆ. ಗಡಸಿನ ಪಟ್ಟಿಯಲ್ಲಿ ಓಕಿಗಿಂತ ಮೇಲಿರುವ ಮೇಪಲ್ 11 ವರ್ಷಗಳ ನಂತರ ಓಕಿಗಿಂತ ಹಳತಾಗಿ ಕಾಣುತ್ತದೆ. ಮಗಳಿಗೆ ಕಂದು ಬಣ್ಣ ಬೇಕೆಂದು ಒಂದು ಮೂಲೆಯಲ್ಲಿ ಬಣ್ಣ ಹಚ್ಚಿಸಿ ನೋಡಿದೆವು. ಒಂದೆಡೆ ಕುಡಿದು ಒಂದೆಡೆ ಕುಡಿಯದೆ ಮೋಡ ಕವಿದಂತೆ ಕಲೆಕಲೆಯಾಯಿತು. ಮೇಪಲ್ ಆರಿಸುವವರು ಅದರ ಸಹಜ ಬಣ್ಣಕ್ಕೇ ಒಪ್ಪಿಕೊಳ್ಳಬೇಕು. ಮೇಲೆ ಎಣ್ಣೆ ಆಧಾರದ ಪಾಲಿಯುರೆಥೇನ್ ಎಂಬ ಗಟ್ಟಿ ಲೇಪ ಹಚ್ಚಬಾರದು, ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ, ತಿಳಿ ಮರದ ಮೇಲೆ ಆ ಹಳದಿ ಎದ್ದು ಕಾಣುತ್ತದೆ. ನಮ್ಮದು ಹಾಗಾಗಿದೆ. ನೀರಿನ ಆಧಾರದ್ದು ಬಹುಮಟ್ಟಿಗೆ ತಿಳಿಯಾಗಿಯೇ ಉಳಿಯುತ್ತದೆ.

ವಾಲ್‌ನಟ್ ಬಗ್ಗೆ ಎಲ್ಲರೂ ಎಚ್ಚರಿಸಿದ್ದರು, ಮೆದು ಮರ, ನೆಲಕ್ಕೆ ಬೇಡ ಎಂದು. ಕುರ್ಚಿಯ ಕಾಲು ಊರಿದ ಕಡೆ ಗುಳಿಗಳಿವೆ, ನಿಜ. ಆದರೂ ನಾಲ್ಕರಲ್ಲಿ ನನಗೆ ಒಮ್ಮೆಯೂ ತಲೆನೋವು ತರದ ನೆಲ ಅದೇ. ಹಿಗ್ಗುವುದು ಕುಗ್ಗುವುದು ಕಡಿಮೆ. ಸಾದಾ ಕೊಯ್ತದಲ್ಲೂ ಅದರ ಪಾಲು 0.00274. ಮೇಲೆ ಗಟ್ಟಿ ಪೊರೆಯ ಬದಲು ಮೇಣ ಬೆರೆಸಿದ ಎಣ್ಣೆ ಹಚ್ಚಿಸಿದ್ದರಿಂದ ಗೀರು ಬಿದ್ದ ಜಾಗವನ್ನಷ್ಟೇ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಎಣ್ಣೆ ಒರೆಸಿದರೆ ಸಾಕು. ಒಂದೇ ಒಂದು ಸಂಗತಿ ಮೊದಲೇ ತಿಳಿದಿರಬೇಕು: ಹೆಚ್ಚಿನ ಮರಗಳು ಬೆಳಕಿಗೆ ಕಪ್ಪಾಗುತ್ತವೆ, ಚೆರಿ ಮರವಂತೂ ತಿಂಗಳುಗಳಲ್ಲೇ ಕಪ್ಪೇರುತ್ತದೆ, ವಾಲ್‌ನಟ್ ಮಾತ್ರ ತಿಳಿಯಾಗುತ್ತ ಹೋಗುತ್ತದೆ. ಐದು ವರ್ಷದ ನಂತರ ರತ್ನಗಂಬಳಿ ಎತ್ತಿದಾಗ ಅದರ ಆಕಾರ ನೆಲದ ಮೇಲೆ ಗಾಢವಾಗಿ ಉಳಿದಿತ್ತು. ಚಪ್ಪಲಿ ಬಿಟ್ಟು ನಡೆಯುವ, ಓಡಾಟ ಕಡಿಮೆ ಇರುವ ಕೋಣೆಗೆ ವಾಲ್‌ನಟ್ ಹಾಕಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಬಿಳಿ ಓಕಿಗೆ ಬರೋಣ. ಕೆಂಪು ಓಕಿಗೂ ಇದಕ್ಕೂ ಹೆಸರಿನಲ್ಲಷ್ಟೇ ವ್ಯತ್ಯಾಸವೆಂದುಕೊಂಡಿದ್ದ ನನಗೆ ಕೊಯ್ಯುವ ಮಿಲ್ಲಿನಲ್ಲಿ ಒಬ್ಬ ಹಿರಿಯರು ಎರಡು ತುಂಡು ಕೊಟ್ಟರು. ಕೆಂಪು ಓಕಿನ ಒಂದು ತುದಿಯನ್ನು ಸಾಬೂನು ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿ ಎಂದರು. ಊದಿದೆ, ಗುಳ್ಳೆಗಳು ಎದ್ದವು! ಕೆಂಪು ಓಕಿನ ನಾಳಗಳು ಕೊನೆಯಿಂದ ಕೊನೆಗೆ ತೆರೆದೇ ಇರುತ್ತವೆ. ಬಿಳಿ ಓಕಿನಲ್ಲಿ ಎಷ್ಟು ಊದಿದರೂ ಏನೂ ಇಲ್ಲ. ಅದರ ಚೇಗಿನಲ್ಲಿ ಟೈಲೋಸಿಸ್ ಎಂಬ ಬೆಳವಣಿಗೆ ನಾಳಗಳನ್ನು ಬಿರಡೆಯಂತೆ ಮುಚ್ಚಿರುತ್ತದೆ. ದ್ರವ ತುಂಬುವ ಪೀಪಾಯಿಗಳನ್ನು ಬಿಳಿ ಓಕಿನಿಂದ ಮಾಡುವುದು ಇದೇ ಕಾರಣಕ್ಕೆ. ಹೊರಬಾಗಿಲು ಹಜಾರಕ್ಕೇ ತೆರೆಯುವ ನಮ್ಮ ಮನೆಯಲ್ಲಿ ಒದ್ದೆ ಬೂಟುಗಳಿಂದ ಹನಿದ ನೀರು ಆ ನೆಲವನ್ನು ಏನೂ ಮಾಡಿಲ್ಲ.

ಏನೂ ಎಂದರೆ ಒಂದು ಕಡೆ ಬಿಟ್ಟು. ಗಿಡದ ಕುಂಡದ ಕಬ್ಬಿಣದ ಕಾಲಿನ ಕೆಳಗೆ ನೀರು ನಿಂತು ಕಪ್ಪು ಉಂಗುರ ಬಿತ್ತು. ಓಕಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳ, ಅದು ತೇವದಲ್ಲಿ ಕಬ್ಬಿಣದೊಡನೆ ಸೇರಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಮೇಲಿನ ಲೇಪ ಕೆರೆದು ಆಕ್ಸಾಲಿಕ್ ಆಮ್ಲ ಹಚ್ಚಿದಾಗ ಮುಕ್ಕಾಲು ಪಾಲು ಹೋಯಿತು. ಓಕಿನ ನೆಲದ ಮೇಲೆ ಕಬ್ಬಿಣ ಇಡಬೇಡಿ. ಉಕ್ಕಿನ ನಾರಿನಿಂದ ಅದನ್ನು ಉಜ್ಜಲೂ ಬೇಡಿ.

ಸ್ಥಳೀಯ ಮರವೇ ಏಕೆ ಎಂದು ಹಲವರು ಕೇಳುತ್ತಾರೆ. ಇಲ್ಲಿಯ ಮರ ಇಲ್ಲಿಯ ಹವೆಗೆ ಹೊಂದಿಕೊಂಡಿರುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೊಯ್ದು ಗೂಡಿನಲ್ಲಿ ಒಣಗಿಸಿದ ಹಲಗೆಗೆ ಹುಟ್ಟೂರಿನ ನೆನಪಿಲ್ಲ, ಅದು ನಿಮ್ಮ ಕೋಣೆಯ ಗಾಳಿಯ ಮಾತನ್ನಷ್ಟೇ ಕೇಳುತ್ತದೆ. ನಮ್ಮ ಹಿಕರಿಯೇ ಸಾಕ್ಷಿ. ಸ್ಥಳೀಯ ಮರದ ನಿಜವಾದ ಲಾಭ ನನಗೆ ತಿಳಿದದ್ದು ಆರನೆಯ ವರ್ಷದಲ್ಲಿ, ಪಾತ್ರೆ ತೊಳೆಯುವ ಯಂತ್ರದ ಕೊಳವೆ ಸೋರಿದಾಗ. ಒಂಬತ್ತು ಹಲಗೆಗಳು ದೋಣಿಯಂತೆ ಬಾಗಿದವು. ಕೂಡಲೇ ಉಜ್ಜಿ ಸಮ ಮಾಡಿಸಲು ಹೊರಟಿದ್ದೆ, ಬಡಗಿ ತಡೆದರು. ಒದ್ದೆಯಿದ್ದಾಗ ಎದ್ದ ಅಂಚುಗಳನ್ನು ಉಜ್ಜಿ ತೆಗೆದರೆ, ಒಣಗಿದ ಮೇಲೆ ಅಂಚು ತಗ್ಗಾಗಿ ನಡು ಉಬ್ಬಿ ನಿಲ್ಲುತ್ತದಂತೆ. ಮೂರು ತಿಂಗಳು ಕಾದೆವು. ಐದು ಹಲಗೆ ತಾವಾಗಿಯೇ ಸರಿಹೋದವು, ನಾಲ್ಕನ್ನು ಬದಲಿಸಬೇಕಾಯಿತು. ಅದೇ ಮಿಲ್ಲಿಗೆ ಹೋಗಿ, ಅದೇ ಅಗಲ, ಅದೇ ಕೊಯ್ತ, ಅದೇ ದರ್ಜೆಯ ಹಿಕರಿ ಆರಿಸಿ ತಂದೆವು. ಈಗ ಯಾವುದು ಹೊಸದೆಂದು ನಾನೇ ಗುರುತಿಸಲಾರೆ.

ದೂರದ ಮರಗಳಲ್ಲಿ ಆ ಭರವಸೆ ಸಿಗುವುದು ಕಷ್ಟ. ಅವುಗಳ ಹೆಸರುಗಳೇ ದಾರಿ ತಪ್ಪಿಸುತ್ತವೆ. ಬ್ರೆಜಿಲಿಯನ್ ಟೀಕ್ ಎಂದು ಮಾರುವುದು ತೇಗವಲ್ಲ, ಕುಮಾರು ಎಂಬ ಬೇರೆಯೇ ಮರ. ಬ್ರೆಜಿಲಿಯನ್ ಚೆರಿ ಎಂಬುದು ಜಟೋಬ. ಕುಮಾರು ಮತ್ತು ಇಪೆ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2024ರ ನವೆಂಬರ್‌ನಿಂದ ಆಪತ್ತಿನಲ್ಲಿರುವ ಸಸ್ಯ-ಪ್ರಾಣಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಬಂದಿದೆ. ಅಂಥ ನೆಲದ ನಾಲ್ಕು ಹಲಗೆ ಕೆಟ್ಟರೆ ಅವುಗಳ ಜೋಡಿಯನ್ನು ಎಲ್ಲಿಂದ ತರುವುದು? ಯಾವ ಮರವನ್ನೇ ಕೊಳ್ಳಿ, ಬಿಲ್ಲಿನಲ್ಲಿ ವೈಜ್ಞಾನಿಕ ಹೆಸರನ್ನೂ ಬರೆಸಿಕೊಳ್ಳಿ. ಹತ್ತಿರದ ಮರಕ್ಕೂ ಆಪತ್ತು ಬರುವುದಿಲ್ಲವೆಂದಲ್ಲ. ಒಳ್ಳೆಯ ನೆಲವಾಗಬಲ್ಲ ಆ್ಯಶ್ ಮರಗಳನ್ನು 2002ರಲ್ಲಿ ಮಿಷಿಗನ್‌ನಲ್ಲಿ ಮೊದಲು ಪತ್ತೆಯಾದ ಹಸಿರು ಕೊರಕ ಹುಳು ಕೋಟಿಗಟ್ಟಲೆ ಕೊಂದಿದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ದರ್ಜೆಯ ಬಗ್ಗೆ ಒಂದೇ ಮಾತು: ಕ್ಲಿಯರ್, ಸೆಲೆಕ್ಟ್, ಕಾಮನ್ ಎಂಬುವು ನೋಟದ ದರ್ಜೆಗಳು, ಬಾಳಿಕೆಯವಲ್ಲ. ಗಂಟು ಮತ್ತು ಬಣ್ಣದ ವ್ಯತ್ಯಾಸ ಒಪ್ಪುವವರು ಕಾಮನ್ ದರ್ಜೆಯನ್ನೇ ಕೊಂಡು, ಉಳಿದ ಹಣವನ್ನು ಕ್ವಾರ್ಟರ್ ಕೊಯ್ತಕ್ಕೆ ಹಾಕುವುದು ಮೇಲು.

ಹಜಾರವನ್ನು ಹೋದ ವರ್ಷ ಮೊದಲ ಬಾರಿಗೆ ಪೂರ್ತಿ ಉಜ್ಜಿಸಿ ಹೊಸ ಲೇಪ ಹಚ್ಚಿಸಿದೆವು. ಒಂದು ಹಲಗೆಯ ಅಂಚಿನ ನಾಲಗೆ ಪಕ್ಕದ ಹಲಗೆಯ ಕಚ್ಚಿನೊಳಗೆ ಕೂರುವ ಜೋಡಣೆಯ ಮೇಲೆ ಉಜ್ಜಲು ಸುಮಾರು 6 ಮಿ.ಮೀ. ಮರವಿದೆ, ಒಂದು ಸಲಕ್ಕೆ ಹೋಗುವುದು ಒಂದು ಮಿ.ಮೀ.ಗೂ ಕಡಿಮೆ. ಉಜ್ಜಿದ ಮೇಲೆ ಕ್ವಾರ್ಟರ್ ಕೊಯ್ತದ ಓಕಿನಲ್ಲಷ್ಟೇ ಕಾಣುವ ಬೆಳ್ಳಿಯ ಮಿಂಚು ಮತ್ತೆ ಎದ್ದು ಬಂತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ನಾನು ಇಂದಿಗೂ ಒಂದು ಕ್ಷಣ ಬಾಗಿಲಲ್ಲಿ ನಿಲ್ಲುತ್ತೇನೆ.

ಈಗ ಅಟ್ಟದ ಕೋಣೆಗೆ ನೆಲ ಹಾಸಿಸುತ್ತಿದ್ದೇವೆ. ಈ ಬಾರಿ ಕೆಂಪು ಓಕ್, ಕ್ವಾರ್ಟರ್ ಕೊಯ್ತ, 57 ಮಿ.ಮೀ. ಅಗಲ. ಅಲ್ಲಿ ನೀರಿನ ಕಾಟವಿಲ್ಲ, ಆದ್ದರಿಂದ ಬಿಳಿ ಓಕ್ ಬೇಕೆನಿಸಲಿಲ್ಲ. ಹಲಗೆಗಳನ್ನು ನಡುನಡುವೆ ಕಡ್ಡಿಯಿಟ್ಟು ಅದೇ ಕೋಣೆಯಲ್ಲಿ ಪೇರಿಸಿ ಎರಡು ವಾರವಾಯಿತು. ಇಂದು ಬೆಳಿಗ್ಗೆ ತೇವಮಾಪಕ ಚುಚ್ಚಿ ನೋಡಿದೆ: ಹಲಗೆಯಲ್ಲಿ ಶೇ. 11, ಕೆಳಗಿನ ಪ್ಲೈಯಲ್ಲಿ ಶೇ. 8. ಇಷ್ಟು ಕಿರಿದಾದ ಪಟ್ಟಿಗೆ ನಾಲ್ಕು ಅಂಶದ ಅಂತರದವರೆಗೂ ನಡೆಯುತ್ತದೆ, ನಾಳೆಯೇ ಮೊಳೆ ಹೊಡೆಯಬಹುದು ಎಂದರು ಬಡಗಿ. ಎರಡಕ್ಕಿಳಿಯುವವರೆಗೆ ಕಾಯೋಣ ಎಂದೆ.